ಮಾರಿದ ರೂಟರ್ ವಾಪಸ್ ಬಂದ್ರೆ ಎಲ್ಲಿಂದ ಹುಡುಕೋದು

"ಅಣ್ಣ, ನೀವು ಕೊಟ್ಟ ರೂಟರ್ ಹೋಯ್ತು" ಅಂತ ಫೋನ್ ಬರತ್ತೆ. ಕೊಡಗಿನ ಸುಂಟಿಕೊಪ್ಪದಲ್ಲಿ ಕೂತು ಹಳೇ ರೂಟರ್ ತಗೊಂಡು, ಕ್ಲೀನ್ ಮಾಡಿ, ಓಪನ್‌ಡಬ್ಲ್ಯುಆರ್‌ಟಿ (ಕಂಪನಿ ಸಾಫ್ಟ್‌ವೇರ್ ಬದಲು ಹಾಕೋ ರೂಟರ್ ಸಾಫ್ಟ್‌ವೇರ್) ಹಾಕಿ ಮಾರೋ ನನಗೆ ಈ ಫೋನ್ ಜಾಸ್ತಿ ಬರೋದು ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಗುಡುಗು ಮಳೆಗೆ ಒಂದ್ಸಲ, ಆಮೇಲೆ ಜುಲೈನಲ್ಲಿ ವಾರಗಟ್ಲೆ ಬಿಸಿಲೇ ಕಾಣದಾಗ ಇನ್ನೊಂದ್ಸಲ. "ಹೋಯ್ತು" ಅನ್ನೋ ಒಂದೇ ಮಾತಲ್ಲಿ ನಾಲ್ಕೈದು ಬೇರೆ ಬೇರೆ ಕಾಯಿಲೆ ಇರತ್ತೆ, ಲೈಟೇ ಬರ್ತಿಲ್ಲ ಅಂತಲೂ ಇರಬಹುದು, ವೈಫೈ ಹೆಸರು ಕಾಣ್ತಿಲ್ಲ ಅಂತಲೂ ಇರಬಹುದು, ವೈಫೈ ಇದೆ ನೆಟ್ ಇಲ್ಲ ಅಂತಲೂ ಇರಬಹುದು, ಸಂಜೆ ಆದ್ರೆ ಕಟ್ ಆಗತ್ತೆ ಅಂತಲೂ ಇರಬಹುದು. ಇದನ್ನ ಫೋನಲ್ಲೇ ಬಿಡಿಸಿ ಕೇಳದೆ "ತಂದುಕೊಡಿ ನೋಡೋಣ" ಅಂದ್ರೆ ನಾಪೋಕ್ಲುವಿಂದ ಒಬ್ರು ಮಳೇಲಿ ಎರಡು ಬಸ್ ಹತ್ತಿ ಬಂದು, ನನ್ನ ಟೇಬಲ್ ಮೇಲೆ ಅದೇ ರೂಟರ್ ಆರಾಮಾಗಿ ಓಡೋದನ್ನ ನೋಡಿ ವಾಪಸ್ ಹೋಗಬೇಕಾಗತ್ತೆ. ಹಂಗೆ ಆಗಿದೆ, ಅದಕ್ಕೇ ಇದನ್ನ ಬರೀತಿದೀನಿ. ನೀವೂ ಹಳೇ ರೂಟರ್ ಮಾರೋರಾದ್ರೆ ಅಥವಾ ಯಾರ ಹತ್ರನಾದ್ರೂ ತಗೊಂಡಿದ್ರೆ ಈ ಕ್ರಮದಲ್ಲಿ ನೋಡಿ: ಮೊದ್ಲು ಅಡಾಪ್ಟರ್, ಆಮೇಲೆ ಲೈನ್, ಆಮೇಲೆ ಸೆಟ್ಟಿಂಗ್, ಕೊನೆಗೆ ಬೋರ್ಡ್. ನಾನು ವಾಪಸ್ ತಗೊಂಡು ಬಿಚ್ಚಿರೋದ್ರಲ್ಲಿ ಬೋರ್ಡೇ ಸತ್ತಿದ್ದು ತುಂಬ ಕಮ್ಮಿ.

ಓಪನ್‌ಡಬ್ಲ್ಯುಆರ್‌ಟಿ ಯಾಕೆ ಹಾಕ್ತೀನಿ ಅಂತ ಕೇಳೋರಿಗೆ ಒಂದು ಮಾತು. ಹಳೇ ಮಾಡೆಲ್‌ಗಳಿಗೆ ಕಂಪನಿ ಅಪ್‌ಡೇಟ್ ನಿಲ್ಲಿಸಿರತ್ತೆ, ಆದ್ರೆ ಒಳಗಿನ ಹಾರ್ಡ್‌ವೇರ್ ಇನ್ನೂ ಗಟ್ಟಿ ಇರತ್ತೆ. ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಅಂತ ಒಂದು ರೂಟರ್ 2002ರಲ್ಲಿ ಬಂತು, ಅದರೊಳಗೆ ಲಿನಕ್ಸ್ ಇದ್ದಿದ್ರಿಂದ ಜಿಪಿಎಲ್ ಲೈಸೆನ್ಸ್ ಪ್ರಕಾರ ಸೋರ್ಸ್ ಕೋಡ್ ಹೊರಗೆ ಕೊಡಬೇಕಾಯ್ತು, ಅದೇ ಕೋಡ್ ಇಟ್ಕೊಂಡು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಶುರುವಾಯ್ತು. ಹೆಸರಿನ ಕೊನೇಲಿರೋ ಡಬ್ಲ್ಯುಆರ್‌ಟಿ ಅಲ್ಲಿಂದಲೇ ಬಂದಿದ್ದು. ಇವತ್ತಿಗೂ ಎಷ್ಟೋ ಹಳೇ ಪೆಟ್ಟಿಗೆಗಳಿಗೆ ಹೊಸ ಸೆಕ್ಯುರಿಟಿ ಅಪ್‌ಡೇಟ್ ಸಿಗ್ತಿದೆ, ಅದು ನನಗೆ ದೊಡ್ಡ ವಿಷ್ಯ.

ಫೋನಲ್ಲೇ ಗೊತ್ತಾಗೋದು

ಮೊದಲ ಪ್ರಶ್ನೆ, ಲೈಟ್ ಬರ್ತಿದ್ಯಾ. ಎರಡನೇದು, ಮನೇಲಿ ಫೈಬರ್ ಬಾಕ್ಸ್ ಬೇರೆ ಇದ್ಯಾ, ಅದರಲ್ಲಿ ಕೆಂಪು ಲೈಟ್ ಇದ್ಯಾ. ಎಲ್‌ಒಎಸ್ (ಲಾಸ್) ಅಂತ ಬರೆದಿರೋ ಜಾಗದಲ್ಲಿ ಕೆಂಪು ಮಿನುಗ್ತಿದ್ರೆ ಅಲ್ಲಿಗೆ ಬೆಳಕೇ ತಲುಪ್ತಿಲ್ಲ ಅಂತ ಅರ್ಥ, ಒಂದು ಸಿಲ್ವರ್ ಓಕ್ ಮರದಿಂದ ಇನ್ನೊಂದಕ್ಕೆ ಎಳೆದಿರೋ ಕೇಬಲ್ ಮೇಲೆ ಕೊಂಬೆ ಬಿದ್ದಿರತ್ತೆ ಇಲ್ಲ ಎಲ್ಲೋ ಮಡಚಿಕೊಂಡಿರತ್ತೆ, ನನ್ನ ರೂಟರ್ ಮುಟ್ಟೋ ಕೆಲಸವೇ ಇಲ್ಲ, ಲೈನ್‌ನವರಿಗೆ ಹೇಳಿ ಅಂತ ಅಲ್ಲಿಗೆ ಮುಗಿಸ್ತೀನಿ.

ಮೂರನೇ ಪ್ರಶ್ನೆ ಸ್ವಲ್ಪ ಮೆಲ್ಲಗೆ ಕೇಳಬೇಕು, "ಹಿಂದೆ ಇರೋ ಸಣ್ಣ ತೂತಿಗೆ ಪಿನ್ ಹಾಕಿ ಒತ್ತಿದ್ರಾ". ಹೌದು ಅಂದ್ರೆ ಅರ್ಧ ಉತ್ತರ ಸಿಕ್ತು. ಕಂಪನಿ ಫರ್ಮ್‌ವೇರ್‌ನಲ್ಲಿ (ರೂಟರ್ ಒಳಗೆ ಕೂತಿರೋ ಸಾಫ್ಟ್‌ವೇರ್) ರಿಸೆಟ್ ಹೊಡೆದ್ರೆ ಸ್ಟಿಕ್ಕರ್ ಮೇಲಿರೋ ವೈಫೈ ಹೆಸರು ಪಾಸ್‌ವರ್ಡ್ ವಾಪಸ್ ಬರತ್ತೆ, ಜನ ಅದಕ್ಕೇ ಒಗ್ಗಿದಾರೆ. ಓಪನ್‌ಡಬ್ಲ್ಯುಆರ್‌ಟಿನಲ್ಲಿ ಸಾಮಾನ್ಯವಾಗಿ ಹೊಸದಾಗಿ ಹಾಕಿದಾಗ ಅಥವಾ ಪೂರ್ತಿ ರಿಸೆಟ್ ಆದಾಗ ವೈಫೈ ಆಫ್ ಆಗಿರತ್ತೆ, ಅಡ್ಮಿನ್ ಪಾಸ್‌ವರ್ಡ್ ಖಾಲಿ ಇರತ್ತೆ, ಅಡ್ರೆಸ್ 192.168.1.1 ಆಗಿರತ್ತೆ. ಅಂದ್ರೆ ಲೈಟ್ ಎಲ್ಲಾ ಬರತ್ತೆ, ಫೋನಲ್ಲಿ ಹುಡುಕಿದ್ರೆ ಹೆಸರೇ ಇಲ್ಲ, ಸ್ಟಿಕ್ಕರ್‌ನಲ್ಲಿರೋ ಅಡ್ರೆಸ್ ಹಾಕಿದ್ರೆ ಏನೂ ತೆರೆಯಲ್ಲ. ಕೊಂಡವರು ಸತ್ತೇ ಹೋಯ್ತು ಅಂದ್ಕೊಳ್ಳೋದ್ರಲ್ಲಿ ತಪ್ಪೇನಿಲ್ಲ. ಲ್ಯಾಪ್‌ಟಾಪ್ ಇದ್ರೆ ಲ್ಯಾನ್ ಕೇಬಲ್ ಹಾಕಿ ಬ್ರೌಸರ್‌ನಲ್ಲಿ 192.168.1.1 ತೆಗೆದು, ನೆಟ್‌ವರ್ಕ್ ಮೆನು ಒಳಗೆ ವೈರ್‌ಲೆಸ್ ಅಂತ ಹೋಗಿ ಎನೇಬಲ್ ಮಾಡಿದ್ರೆ ಮುಗೀತು. ಆದ್ರೆ ತೋಟದ ಮನೇಲಿ ಎಷ್ಟು ಜನರ ಹತ್ರ ಲ್ಯಾನ್ ಪೋರ್ಟ್ ಇರೋ ಲ್ಯಾಪ್‌ಟಾಪ್ ಇರತ್ತೆ.

ಇದಕ್ಕೆ ಸರಿಯಾದ ಪರಿಹಾರ ಮಾರೋರ ಕೈಲಿದೆ. ಸುಮ್ನೆ ಡೌನ್‌ಲೋಡ್ ಮಾಡಿದ ಇಮೇಜ್ (ಫರ್ಮ್‌ವೇರ್ ಫೈಲ್) ಹಾಕಿ ಮೇಲಿಂದ ಸೆಟ್ಟಿಂಗ್ ಮಾಡಿ ಕೊಡಬೇಡಿ, ರಿಸೆಟ್ ಹೊಡೆದ ತಕ್ಷಣ ಆ ಸೆಟ್ಟಿಂಗ್ ಎಲ್ಲಾ ಅಳಿಸಿ ಹೋಗತ್ತೆ. ಇಮೇಜ್ ಬಿಲ್ಡರ್ ಅಂತ ಓಪನ್‌ಡಬ್ಲ್ಯುಆರ್‌ಟಿಯವರೇ ಕೊಡ್ತಾರೆ, ಅದರಲ್ಲಿ ಯುಸಿಐ-ಡಿಫಾಲ್ಟ್ಸ್ ಫೋಲ್ಡರ್ ಒಳಗೆ ಮೊದಲ ಸಲ ಆನ್ ಆದಾಗ ತಾನೇ ಓಡೋ ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟು, ವೈಫೈ ಆನ್ ಮಾಡು, ದೇಶ ಇಂಡಿಯಾ ಅಂತ ಹಾಕು, ಹೆಸರು ಇದು ಪಾಸ್‌ವರ್ಡ್ ಇದು ಅಂತ ಬರೆದು ಇಮೇಜ್ ಕಟ್ಟಿದ್ರೆ, ಎಷ್ಟು ಸಲ ರಿಸೆಟ್ ಹೊಡೆದ್ರೂ ಅದೇ ಹೆಸರಿಗೆ ವಾಪಸ್ ಬರತ್ತೆ. ಪ್ರತಿ ಪೀಸ್‌ಗೂ ಬೇರೆ ಪಾಸ್‌ವರ್ಡ್ ಇಡಿ, ಹಳೇ ಸ್ಟಿಕ್ಕರ್‌ನಲ್ಲಿರೋ ಪಾಸ್‌ವರ್ಡ್ ಮೇಲೆ ನಿಮ್ಮ ಸ್ಟಿಕ್ಕರ್ ಅಂಟಿಸಿ. ಮಾಡೆಲ್ ಮತ್ತೆ ವರ್ಷನ್ ನಂಬರ್ ಮಾತ್ರ ಮುಚ್ಚಬೇಡಿ, ಒಂದೇ ಮಾಡೆಲ್ ಹೆಸರಲ್ಲಿ ಒಳಗಡೆ ಪೂರ್ತಿ ಬೇರೆ ಹಾರ್ಡ್‌ವೇರ್ ಇರತ್ತೆ, ನಾಳೆ ಯಾರಾದ್ರೂ ಅಪ್‌ಡೇಟ್ ಮಾಡೋಕೆ ಹೋದಾಗ ವರ್ಷನ್ ತಪ್ಪಿದ್ರೆ ಬ್ರಿಕ್ ಆಗತ್ತೆ, ಅಂದ್ರೆ ಇಟ್ಟಿಗೆ ಥರ ಸುಮ್ನೆ ಕೂರತ್ತೆ. ನಾನು ಈ ಸ್ಕ್ರಿಪ್ಟ್ ಹಾಕೋಕೆ ಶುರು ಮಾಡಿದ ಮೇಲೆ ವೈಫೈ ಕಾಣ್ತಿಲ್ಲ ಅನ್ನೋ ಫೋನ್ ಹೆಚ್ಚುಕಮ್ಮಿ ನಿಂತೇ ಹೋಯ್ತು.

ಸಂಜೆ ಆದ್ರೆ ಕಟ್ ಆಗ್ತಿದ್ದ ರೂಟರ್

ಮಕ್ಕಂದೂರು ಕಡೆ ಒಂದು ಹೋಂಸ್ಟೇಗೆ ಎರಡು ಬ್ಯಾಂಡ್ ಇರೋ ರೂಟರ್ ಕೊಟ್ಟಿದ್ದೆ. ಮೂರು ವಾರ ಚೆನ್ನಾಗಿತ್ತು. ಆಮೇಲೆ ಅಲ್ಲಿನ ಅಕ್ಕ ಫೋನ್ ಮಾಡಿ, "ಹಗಲೆಲ್ಲಾ ಸರಿ ಇರತ್ತೆ ತಮ್ಮ, ಗೆಸ್ಟ್ ಬಂದು ಕೂತ್ರು ಅಂದ್ರೆ ಸಾಕು ಹೋಗತ್ತೆ, ಎರಡು ನಿಮಿಷಕ್ಕೆ ತಾನೇ ಬರತ್ತೆ, ಮತ್ತೆ ಹೋಗತ್ತೆ" ಅಂದ್ರು. ಬಂದ ಗೆಸ್ಟ್‌ಗಳು ಅಲ್ಲಿ ನೆಟ್ ಇಲ್ಲ ಅಂತ ಬರೆದು ಹೋಗಿದ್ರಂತೆ, ಅದು ಅವರ ಹೊಟ್ಟೆಪಾಡಿನ ವಿಷ್ಯ, ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇಂಥದ್ರಲ್ಲಿ ಮೊದ್ಲು ನೋಡಬೇಕಾದ್ದು ಅಪ್‌ಟೈಮ್. ರೂಟರ್ ಪೇಜ್ ತೆಗೆದ್ರೆ ಮೊದಲ ಸ್ಕ್ರೀನಲ್ಲೇ ಬರೆದಿರತ್ತೆ, ಎಷ್ಟು ಹೊತ್ತಿಂದ ಓಡ್ತಿದೆ ಅಂತ. ನೆಟ್ ಹೋಗಿ ಬಂದ ಮೇಲೆ ಅಪ್‌ಟೈಮ್ ಮೂರು ದಿನ ಅಂತಿದ್ರೆ ರೂಟರ್ ಬಿದ್ದಿಲ್ಲ, ಲೈನ್ ಕಡೆ ಅಥವಾ ವೈಫೈ ಕಡೆ ಹುಡುಕಬೇಕು. ಎರಡು ನಿಮಿಷ ಅಂತಿದ್ರೆ ರೂಟರೇ ಆಫ್ ಆಗಿ ಆನ್ ಆಗಿದೆ. ಈ ಒಂದು ನಂಬರ್ ನೋಡಿದ್ರೆ ಅರ್ಧ ದಿನದ ಕೆಲಸ ಉಳಿಯತ್ತೆ. ಲಾಗ್ ನೋಡೋಣ ಅಂದ್ರೆ ಅದು ರ್‍ಯಾಮ್‌ನಲ್ಲಿರೋದು, ರೀಬೂಟ್ ಆದ್ರೆ ಹಳೇದೆಲ್ಲಾ ಮಾಯ, ಹಂಗಾಗಿ ಬಿದ್ದ ಕಾರಣ ಅಲ್ಲಿ ಸಿಗಲ್ಲ. ಅಕ್ಕನಿಗೆ ಫೋಟೋ ಕಳಿಸೋಕೆ ಹೇಳಿದೆ, ನಾಲ್ಕು ನಿಮಿಷ ಅಂತಿತ್ತು.

ಮಾರನೇ ದಿನ ಹೋದೆ. ಅಡಾಪ್ಟರ್ ಮುಟ್ಟಿದ್ರೆ ಬಿಸಿ, ಮಲ್ಟಿಮೀಟರ್ ಇಟ್ರೆ 12.1 ವೋಲ್ಟ್, ನೋಡೋಕೆ ಏನೂ ತೊಂದ್ರೆ ಇಲ್ಲ. ಇಲ್ಲೇ ತುಂಬ ಜನ ಮೋಸ ಹೋಗೋದು. ರೂಟರ್‌ಗೆ ಹಾಕದೆ ಖಾಲಿ ಅಳೆದ್ರೆ ಸಾಯ್ತಾ ಇರೋ ಅಡಾಪ್ಟರ್ ಕೂಡ ಪೂರ್ತಿ ವೋಲ್ಟೇಜ್ ತೋರಿಸತ್ತೆ. ಭಾರ ಹಾಕಿ ಅಳೀಬೇಕು. ನನ್ನ ಬ್ಯಾಗಲ್ಲಿ ಯಾವಾಗ್ಲೂ ಒಂದು ಬಲ್ಬ್ ಇರತ್ತೆ, ಕಾರ್ ಇಂಡಿಕೇಟರ್‌ಗೆ ಹಾಕೋ 12 ವೋಲ್ಟ್ 21 ವ್ಯಾಟ್ ಬಲ್ಬ್, ಆಟೋ ಸ್ಪೇರ್ಸ್ ಅಂಗಡೀಲಿ ಸಿಗತ್ತೆ, ಅದು ಸುಮಾರು ಒಂದು ಮುಕ್ಕಾಲು ಆಂಪಿಯರ್ ಎಳೆಯತ್ತೆ. ಎರಡು ವೈರ್ ಬೆಸುಗೆ ಹಾಕಿ ಅಡಾಪ್ಟರ್ ಪಿನ್ ಹೋಗೋ ಸಾಕೆಟ್ ಒಂದು ಸಿಗಿಸಿದೀನಿ. ಎರಡು ಆಂಪಿಯರ್ ಅಂತ ಬರೆದಿರೋ ಆ ಅಡಾಪ್ಟರ್‌ಗೆ ಬಲ್ಬ್ ಹಾಕಿದೆ. ಬಲ್ಬ್ ಉರೀತು, ಮೀಟರ್‌ನಲ್ಲಿ 11.2 ಬಂತು, ಅರ್ಧ ನಿಮಿಷ ಬಿಟ್ಟು 10, ಆಮೇಲೆ 9.3ಕ್ಕೆ ಇಳಿದು ಬಲ್ಬಿನ ಬೆಳಕು ಸಣ್ಣಗೆ ನಡುಗೋಕೆ ಶುರುವಾಯ್ತು. ಅಕ್ಕನೂ ಪಕ್ಕದಲ್ಲೇ ನಿಂತು ನೋಡಿದ್ರು. ಹಗಲಲ್ಲಿ ಒಂದೆರಡು ಫೋನ್ ಇದ್ದಾಗ ರೂಟರ್ ಕಮ್ಮಿ ಕರೆಂಟ್ ತಗೋತಿತ್ತು, ಅಡಾಪ್ಟರ್ ತಡ್ಕೊಂಡಿತ್ತು. ಸಂಜೆ ಹನ್ನೆರಡು ಫೋನ್ ಎರಡು ಟಿವಿ ಸೇರಿದಾಗ ಎರಡೂ ಬ್ಯಾಂಡ್ ರೇಡಿಯೋ ಜೋರಾಗಿ ಕೆಲಸ ಮಾಡಿ ಎಳೆತ ಜಾಸ್ತಿ ಆಗ್ತಿತ್ತು, ವೋಲ್ಟೇಜ್ ಬೀಳ್ತಿತ್ತು, ರೂಟರ್ ರೀಬೂಟ್. ಮನೆಗೆ ತಂದು ಅಡಾಪ್ಟರ್ ಒಡೆದು ನೋಡಿದ್ರೆ ಔಟ್‌ಪುಟ್ ಕಡೆ ಕ್ಯಾಪಾಸಿಟರ್ ತಲೆ ಉಬ್ಬಿ ಕಂದು ಬಣ್ಣದ ದ್ರವ ಹೊರಗೆ ಬಂದಿತ್ತು. ನಾನು ಮಾರೋವಾಗ ಮೂರು ಗಂಟೆ ಟೆಸ್ಟ್ ಮಾಡಿದ್ದೆ, ಆದ್ರೆ ಒಂದೇ ಫೋನ್ ಇಟ್ಟು. ತಪ್ಪು ನಂದೇ. ಆವತ್ತಿಂದ ಬಲ್ಬ್ ಟೆಸ್ಟ್ ಹತ್ತು ನಿಮಿಷ ಪಾಸ್ ಆಗದ ಅಡಾಪ್ಟರ್ ನನ್ನ ಅಂಗಡಿಯಿಂದ ಹೊರಗೆ ಹೋಗಲ್ಲ, ಹತ್ತು ನಿಮಿಷ ಆದ ಮೇಲೂ ಹನ್ನೊಂದೂವರೆ ಮೇಲೆ ನಿಂತಿರಬೇಕು.

ಬಲ್ಬ್ ಬಗ್ಗೆ ಒಂದು ಎಚ್ಚರ. ತಣ್ಣಗಿರೋ ಬಲ್ಬ್ ಮೊದಲ ಕ್ಷಣದಲ್ಲಿ ತುಂಬ ಜಾಸ್ತಿ ಕರೆಂಟ್ ಎಳೆಯತ್ತೆ, ಒಳ್ಳೇ ಅಡಾಪ್ಟರ್ ಕೂಡ ಒಂದು ಸೆಕೆಂಡ್ ಕಟ್ ಮಾಡಿ ಮತ್ತೆ ಕೊಡಬಹುದು, ಅದನ್ನ ನೋಡಿ ಬಿಸಾಡಬೇಡಿ, ಉರಿದು ನಿಂತ ಮೇಲೆ ಅಳೀರಿ. ಒಂದು ಆಂಪಿಯರ್ ಅಡಾಪ್ಟರ್‌ಗೆ 21 ವ್ಯಾಟ್ ಹಾಕಬೇಡಿ, 10 ವ್ಯಾಟಿನ ಬಲ್ಬ್ ಸಾಕು.

ಅಡಾಪ್ಟರ್ ವಿಷ್ಯದಲ್ಲೇ ಇನ್ನೊಂದು. ಒಂಬತ್ತು ವೋಲ್ಟಿನ ರೂಟರ್‌ಗೂ ಹನ್ನೆರಡು ವೋಲ್ಟಿನ ಸೆಟ್‌ಟಾಪ್ ಬಾಕ್ಸ್‌ಗೂ ಪಿನ್ ಒಂದೇ ಥರ ಕೂರತ್ತೆ. ಹಳೇದು ಕಳೆದೋಯ್ತು ಅಂತ ಟಿವಿ ಹಿಂದಿಂದ ಕಿತ್ತು ಹಾಕ್ತಾರೆ. ಕೆಲವು ರೂಟರ್ ತಡ್ಕೊಳ್ಳತ್ತೆ, ಕೆಲವು ಬಿಸಿಯಾಗಿ ಆಮೇಲೆ ಹೋಗತ್ತೆ. ಅದಕ್ಕೇ ಈಗ ಅಡಾಪ್ಟರ್ ಮೈ ಮೇಲೂ ರೂಟರ್ ಹೊಟ್ಟೆ ಮೇಲೂ ಒಂದೇ ನಂಬರ್ ಪೇಂಟ್ ಪೆನ್ನಲ್ಲಿ ಬರೀತೀನಿ.

ಇನ್ವರ್ಟರ್ ಇರೋ ಮನೆಗಳಲ್ಲಿ ಇದೇ ಕಾಯಿಲೆ ಬೇರೆ ರೂಪದಲ್ಲಿ ಬರತ್ತೆ. ಕರೆಂಟ್ ಹೋದಾಗೆಲ್ಲಾ ಫ್ಯಾನ್ ಲೈಟ್ ಏನೂ ಆಗದೆ ರೂಟರ್ ಮಾತ್ರ ರೀಬೂಟ್ ಆಗತ್ತೆ. ಕರೆಂಟಿಂದ ಬ್ಯಾಟರಿಗೆ ಬದಲಾಗೋ ಆ ಸಣ್ಣ ಗ್ಯಾಪ್ ಅನ್ನ ಅಡಾಪ್ಟರ್ ಒಳಗಿನ ಕ್ಯಾಪಾಸಿಟರ್ ತುಂಬಿಸಬೇಕು, ವಯಸ್ಸಾದ್ರೆ ಅದರಿಂದ ಆಗಲ್ಲ. ಇನ್ವರ್ಟರ್ ಮೇಲೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ರೆ ಅದಕ್ಕೆ ಹಾಕಿ ನೋಡಿ, ಗ್ಯಾಪ್ ಕಮ್ಮಿ ಆಗತ್ತೆ. ಅದಕ್ಕೂ ನಿಲ್ಲದಿದ್ರೆ ಅಡಾಪ್ಟರ್ ಬದಲಾಯಿಸಿ. ಮಳೆಗಾಲದಲ್ಲಿ ನಮ್ಮ ಕಡೆ ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರೋ ದಿನ ಇರತ್ತೆ, ಹತ್ತು ಸಲವೂ ರೂಟರ್ ಬಿದ್ದೆದ್ರೆ ಯಾರಿಗಾದ್ರೂ ಸಾಕಾಗತ್ತೆ.

ಸಿಡಿಲು ಬಡಿದ ಮೇಲೆ

ಲೈಟ್ ಬರ್ತಿದೆ, ವೈಫೈ ಇದೆ, ಲ್ಯಾನ್ ಪೋರ್ಟ್ ಕೆಲಸ ಮಾಡತ್ತೆ, ಇಂಟರ್ನೆಟ್ ಕೇಬಲ್ ಹಾಕೋ ಪೋರ್ಟ್ ಮಾತ್ರ ಮಿಣುಕಲ್ಲ. ಏಪ್ರಿಲ್-ಮೇ ಕೇಸು ಇದು. ಫೈಬರ್ ಅಂದ್ರೆ ಗಾಜು, ಅದರಲ್ಲಿ ಕರೆಂಟ್ ಹರಿಯಲ್ಲ, ಹಂಗಾಗಿ ಸಿಡಿಲಿಗೆ ಭಯ ಇಲ್ಲ ಅಂತಾರೆ. ಆದ್ರೆ ಫೈಬರ್ ಬಾಕ್ಸಿಂದ ರೂಟರ್‌ಗೆ ಬರೋದು ತಾಮ್ರದ ಕೇಬಲ್ಲೇ, ಎರಡಕ್ಕೂ ಅಡಾಪ್ಟರ್ ಇರೋದು ಮನೆ ವೈರಿಂಗ್‌ನಲ್ಲೇ, ತೋಟದ ಮೇಲಿಂದ ಎಳೆದಿರೋ ಫೈಬರ್ ಜತೆ ಭಾರ ಹೊರೋಕೆ ಸ್ಟೀಲ್ ತಂತಿನೂ ಇರತ್ತೆ. ಎಲ್ಲಿಂದ ಬಂದ್ರೂ ಹೆಚ್ಚಾಗಿ ಮೊದ್ಲು ಹೋಗೋದು ಆ ಕೇಬಲ್ ಸಿಗಿಸಿರೋ ಪೋರ್ಟ್.

ಮೊದ್ಲು ಕೇಬಲ್ ಬದಲಾಯಿಸಿ ನೋಡಿ, ಆಮೇಲೆ ಅದೇ ಕೇಬಲ್ ಲ್ಯಾಪ್‌ಟಾಪ್‌ಗೆ ಹಾಕಿ ಫೈಬರ್ ಬಾಕ್ಸ್ ಕಡೆ ಪೋರ್ಟ್ ಬದುಕಿದೆ ಅಂತ ಖಾತ್ರಿ ಮಾಡ್ಕೊಳ್ಳಿ, ಎಷ್ಟೋ ಸಲ ಹೋಗಿರೋದು ಆ ಬಾಕ್ಸಿನ ಪೋರ್ಟೇ. ರೂಟರ್‌ದೇ ಹೋಗಿದ್ರೆ ಬಿಸಾಡಬೇಡಿ. ಓಪನ್‌ಡಬ್ಲ್ಯುಆರ್‌ಟಿ ನಿಜವಾಗಿ ಉಪಯೋಗಕ್ಕೆ ಬರೋ ಜಾಗ ಇದು. ಟಿಪಿ-ಲಿಂಕ್ ಆರ್ಚರ್ ಸಿ7 ಥರದ ರೂಟರ್‌ನಲ್ಲಿ ಒಳಗೆ ಒಂದೇ ಸ್ವಿಚ್ ಚಿಪ್ ಇರತ್ತೆ, ಯಾವ ಪೋರ್ಟ್ ಲ್ಯಾನ್ (ಮನೆ ಒಳಗಿನದು) ಯಾವುದು ವ್ಯಾನ್ (ಇಂಟರ್ನೆಟ್ ಬರೋದು) ಅನ್ನೋದು ಬರೀ ವಿಎಲ್ಯಾನ್ ಸೆಟ್ಟಿಂಗ್, ಅಂದ್ರೆ ಪೋರ್ಟ್‌ಗಳನ್ನ ಬೇರೆ ಬೇರೆ ಗುಂಪು ಮಾಡೋದು. ನೆಟ್‌ವರ್ಕ್ ಮೆನುವಲ್ಲಿ ಸ್ವಿಚ್ ಅಂತ ಇರತ್ತೆ, ಅಲ್ಲಿ ನಾಲ್ಕನೇ ಲ್ಯಾನ್ ಪೋರ್ಟನ್ನ ವಿಎಲ್ಯಾನ್ ಒಂದರಲ್ಲಿ ಆಫ್ ಮಾಡಿ, ವಿಎಲ್ಯಾನ್ ಎರಡರಲ್ಲಿ ಅನ್‌ಟ್ಯಾಗ್ಡ್ ಮಾಡಿ ಸೇವ್ ಮಾಡಿ, ಇಂಟರ್ನೆಟ್ ಕೇಬಲ್ ಆ ಪೋರ್ಟ್‌ಗೆ ಹಾಕಿ. ಸ್ವಿಚ್ ಅನ್ನೋ ಪೇಜ್ ಇಲ್ಲದ ಮಾಡೆಲ್‌ಗಳಲ್ಲಿ ಇಂಟರ್‌ಫೇಸಸ್ ಒಳಗೆ ಡಿವೈಸಸ್ ಅಂತ ಹೋಗಿ ಬ್ರಿಡ್ಜ್‌ನಿಂದ (ಲ್ಯಾನ್ ಪೋರ್ಟ್‌ಗಳೆಲ್ಲಾ ಸೇರಿರೋ ಗುಂಪು) ಆ ಒಂದು ಲ್ಯಾನ್ ಪೋರ್ಟ್ ಹೊರಗೆ ತೆಗೆದು ವ್ಯಾನ್‌ಗೆ ಕೊಡಬೇಕು. ಒಂದು ಪೋರ್ಟ್ ಕಮ್ಮಿ ಆಯ್ತು ಅಷ್ಟೇ, ರೂಟರ್ ಉಳೀತು. ಇಂಥದ್ದನ್ನ ನಾನು ಮಾರೋವಾಗ ಸತ್ತ ಪೋರ್ಟ್‌ಗೆ ಟೇಪ್ ಹಾಕಿ, ಸಿಡಿಲು ಬಡಿದ ಪೀಸ್ ಅಂತ ಹೇಳಿ, ಅರ್ಧ ರೇಟಿಗೆ ಕೊಡ್ತೀನಿ. ಹೇಳದೆ ಕೊಡೋದು ಸರಿಯಲ್ಲ, ಒಂದು ಸಲ ಪೆಟ್ಟು ತಿಂದ ಬೋರ್ಡ್ ಮುಂದೆ ಹೆಂಗಿರತ್ತೆ ಅಂತ ಮಾತು ಕೊಡೋಕಾಗಲ್ಲ.

ವೈಫೈ ಇದೆ, ನೆಟ್ ಇಲ್ಲ

ಇದರಲ್ಲಿ ನಂಬರ್ ಒನ್ ಕಾರಣ ಅಡ್ರೆಸ್ ಜಗಳ. ಎಷ್ಟೋ ಫೈಬರ್ ಬಾಕ್ಸ್‌ಗಳ ಅಡ್ರೆಸ್ಸೂ 192.168.1.1, ಓಪನ್‌ಡಬ್ಲ್ಯುಆರ್‌ಟಿದೂ 192.168.1.1. ಬಾಕ್ಸೇ ಡಯಲ್ ಮಾಡಿ ಒಳಗೆ ಅಡ್ರೆಸ್ ಹಂಚ್ತಿದ್ರೆ ರೂಟರ್‌ನ ಎರಡೂ ಕಡೆ ಒಂದೇ ಥರ ಅಡ್ರೆಸ್ ಆಗಿ ಯಾವ ಕಡೆ ಕಳಿಸಬೇಕು ಅಂತ ಅದಕ್ಕೆ ತಿಳಿಯಲ್ಲ. ಮಾರೋ ಮೊದ್ಲೇ ರೂಟರ್ ಲ್ಯಾನ್ ಅಡ್ರೆಸ್ 192.168.10.1 ಅಂತ ಮಾಡಿಬಿಡಿ, ಆ ಯುಸಿಐ ಸ್ಕ್ರಿಪ್ಟ್‌ನಲ್ಲೇ ಸೇರಿಸಿ.

ಬಾಕ್ಸ್ ಬ್ರಿಡ್ಜ್ ಮೋಡ್‌ನಲ್ಲಿದ್ದು (ಅಂದ್ರೆ ತಾನು ಡಯಲ್ ಮಾಡದೆ ಲೈನ್ ಅನ್ನ ಹಂಗೇ ದಾಟಿಸ್ತಾ) ರೂಟರೇ ಡಯಲ್ ಮಾಡ್ಬೇಕು ಅಂದ್ರೆ ಪಿಪಿಪಿಒಇ (ಲೈನ್‌ಗೆ ಲಾಗಿನ್ ಆಗೋ ವಿಧಾನ) ಯೂಸರ್‌ನೇಮ್ ಪಾಸ್‌ವರ್ಡ್ ಬೇಕು, ಅದು ಹಳೇ ರೂಟರ್ ಜತೆ ಹೋಗಿರತ್ತೆ, ಲೈನ್‌ನವರನ್ನ ಕೇಳಿ ತಗೋಬೇಕು. ಎಲ್ಲಾ ಸರಿಯಾಗಿ ಹಾಕಿದ್ರೂ ಕನೆಕ್ಟ್ ಆಗದಿದ್ರೆ ಅವರ ಕಡೆ ಹಳೇ ರೂಟರಿನ ಮ್ಯಾಕ್ ಅಡ್ರೆಸ್ (ಹಾರ್ಡ್‌ವೇರ್ ಗುರುತಿನ ನಂಬರ್) ಹಿಡಿದಿಟ್ಟಿರಬಹುದು, ಫೋನ್ ಮಾಡಿ ತೆಗೆಸಿ ಇಲ್ಲ ಅಂದ್ರೆ ಹಳೇ ಮ್ಯಾಕ್ ಅನ್ನೇ ಹೊಸದಕ್ಕೆ ಹಾಕಿ. ಕೆಲವು ಸೈಟ್ ತೆರೆದು ಕೆಲವು ಸುತ್ತುತ್ತಾ ಇದ್ರೆ ಎಂಟಿಯು (ಒಂದು ಸಲಕ್ಕೆ ಕಳಿಸೋ ಪ್ಯಾಕೆಟ್‌ನ ಗರಿಷ್ಠ ಅಳತೆ) ನೋಡಿ, ಪಿಪಿಪಿಒಇ ತನಗೆ ಅಂತ 8 ಬೈಟ್ ತಗೊಳ್ಳೋದ್ರಿಂದ 1500 ಇರೋ ಕಡೆ 1492 ಇರಬೇಕು.

ಹುಡುಕೋ ಕ್ರಮ ಸುಲಭ, ಹತ್ತಿರದಿಂದ ದೂರಕ್ಕೆ ಹೋಗಿ. ಮೊದ್ಲು ರೂಟರ್‌ಗೆ ಪಿಂಗ್ (ಉತ್ತರ ಬರತ್ತಾ ಅಂತ ನೋಡೋ ಕಮಾಂಡ್), ಆಮೇಲೆ ಅದರ ಮುಂದಿನ ಗೇಟ್‌ವೇಗೆ, ಆಮೇಲೆ ಗೂಗಲ್‌ನ 8.8.8.8ಗೆ, ಕೊನೆಗೆ ಯಾವುದಾದ್ರೂ ಸೈಟ್ ಹೆಸರಿಗೆ. ಎಲ್ಲಿ ನಿಲ್ಲತ್ತೋ ಅಲ್ಲಿ ತೊಂದ್ರೆ. ನಂಬರ್‌ಗೆ ಹೋಗಿ ಹೆಸರಿಗೆ ಹೋಗದಿದ್ರೆ ತೊಂದ್ರೆ ಡಿಎನ್‌ಎಸ್‌ದು, ಅಂದ್ರೆ ಸೈಟ್ ಹೆಸರಿಗೆ ನಂಬರ್ ಹುಡುಕಿಕೊಡೋ ವ್ಯವಸ್ಥೆದು.

ಆ ಡಿಎನ್‌ಎಸ್ ವಿಷ್ಯದಲ್ಲಿ ಕಸ್ಟಮ್ ಫರ್ಮ್‌ವೇರ್‌ಗೇ ಸೇರಿದ ಒಂದು ಕಾಯಿಲೆ ಇದೆ, ನಮ್ಮ ಕರೆಂಟ್‌ನಿಂದಾಗಿ ಇಲ್ಲಿ ಜಾಸ್ತಿ ಕಾಣತ್ತೆ. ಹೆಚ್ಚಿನ ರೂಟರ್ ಒಳಗೆ ಗಡಿಯಾರಕ್ಕೆ ಬ್ಯಾಟರಿ ಇರಲ್ಲ. ಕರೆಂಟ್ ಹೋಗಿ ಬಂದ್ರೆ ಓಪನ್‌ಡಬ್ಲ್ಯುಆರ್‌ಟಿ ಸೆಟ್ಟಿಂಗ್ ಫೋಲ್ಡರ್‌ನಲ್ಲಿ ಕೊನೇಲಿ ಬದಲಾದ ಫೈಲಿನ ತಾರೀಕನ್ನೇ ಇವತ್ತು ಅಂದ್ಕೊಳ್ಳತ್ತೆ. ಆರು ತಿಂಗಳಿಂದ ಯಾರೂ ಸೆಟ್ಟಿಂಗ್ ಮುಟ್ಟಿಲ್ಲ ಅಂದ್ರೆ ರೂಟರ್ ಆರು ತಿಂಗಳು ಹಿಂದಿರತ್ತೆ. ಸಾಮಾನ್ಯ ಡಿಎನ್‌ಎಸ್ ಆದ್ರೆ ಟೈಮ್ ಸರ್ವರ್ ಕೇಳಿ ಸರಿಮಾಡ್ಕೊಳ್ಳತ್ತೆ. ಆದ್ರೆ ಎನ್‌ಕ್ರಿಪ್ಟ್ ಆಗಿರೋ ಡಿಎನ್‌ಎಸ್ ಹಾಕಿದ್ರೆ ಸರ್ಟಿಫಿಕೇಟ್ ತಾರೀಕು ನೋಡಿ ಇದು ಇನ್ನೂ ಶುರುವೇ ಆಗಿಲ್ಲ ಅಂತ ಬೇಡ ಅನ್ನತ್ತೆ, ಡಿಎನ್‌ಎಸ್ ಇಲ್ದೆ ಟೈಮ್ ಸರ್ವರ್ ಹೆಸರು ಸಿಗಲ್ಲ, ಟೈಮ್ ಇಲ್ದೆ ಡಿಎನ್‌ಎಸ್ ಸಿಗಲ್ಲ. ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕಿದವರಿಗೂ ಹಿಂಗೇ, ಹಳೇ ಟೈಮಿನ ಹ್ಯಾಂಡ್‌ಶೇಕ್ (ಕನೆಕ್ಷನ್ ಶುರು ಮಾಡೋ ಸಂದೇಶ) ಅನ್ನ ಆ ಕಡೆ ಸರ್ವರ್ ತಗೊಳ್ಳಲ್ಲ. ಟೈಮ್ ಸರ್ವರ್ ಹೆಸರನ್ನ ಮಾತ್ರ ಸಾಮಾನ್ಯ ಡಿಎನ್‌ಎಸ್‌ಗೆ ಕೇಳೋ ಹಾಗೆ ಒಂದು ಫಾರ್ವರ್ಡ್ ಸಾಲು ಸೇರಿಸಿದ್ರೆ ಸರಿಹೋಗತ್ತೆ. ಸೋಮವಾರಪೇಟೆ ಹತ್ರ ಒಬ್ಬ ಹುಡುಗ ಮನೆಯಿಂದ ಆಫೀಸ್ ಕೆಲಸ ಮಾಡ್ತಿದ್ದ, ಕರೆಂಟ್ ಹೋದಾಗೆಲ್ಲಾ ಅವನ ವೈರ್‌ಗಾರ್ಡ್ ನಿಲ್ತಿತ್ತು, ಎರಡು ತಿಂಗಳು ಲೈನ್‌ನವರ ಹತ್ರ ಜಗಳ ಆಡಿದ್ದ ಪಾಪ. ಸಿಸ್ಟಂ ಪೇಜಲ್ಲಿ ತಾರೀಕು ನೋಡಿದ್ದಕ್ಕೆ ಐದು ನಿಮಿಷದಲ್ಲಿ ಗೊತ್ತಾಯ್ತು.

ಸೆಟ್ಟಿಂಗ್ ನಿಲ್ಲಲ್ಲ

ಪಾಸ್‌ವರ್ಡ್ ಬದಲಾಯಿಸಿ ಸೇವ್ ಮಾಡಿದ್ರೂ ಆಫ್ ಮಾಡಿ ಆನ್ ಮಾಡಿದ್ರೆ ಹಳೇದೇ ಬರತ್ತೆ ಅಂದ್ರೆ ಫ್ಲಾಶ್ ತುಂಬಿದೆ. ಡಿಎಫ್ ಕಮಾಂಡ್ ಹೊಡೆದು ಓವರ್‌ಲೇ (ಸೆಟ್ಟಿಂಗ್ ಉಳಿಯೋ ಜಾಗ) ಸಾಲು ನೋಡಿ, 100 ಪರ್ಸೆಂಟ್ ಇರತ್ತೆ. ಟಿಎಲ್-ಡಬ್ಲ್ಯುಆರ್841ಎನ್ ಥರದ 4 ಎಂಬಿ ಫ್ಲಾಶ್ 32 ಎಂಬಿ ರ್‍ಯಾಮ್ ರೂಟರ್‌ಗಳಲ್ಲಿ ಇದು ಮಾಮೂಲು. ಆ ಜಾತಿಗೆ ಓಪನ್‌ಡಬ್ಲ್ಯುಆರ್‌ಟಿ 19.07 ಕೊನೇದು, ಅದರ ಅಪ್‌ಡೇಟೂ 2022ರಲ್ಲಿ ನಿಂತಿದೆ. ಸಂತೆ ದಿನ ಇನ್ನೂರು ಮುನ್ನೂರು ರೂಪಾಯಿಗೆ ಗುಡ್ಡೆ ಹಾಕಿ ಕೊಡ್ತಾರೆ, ಆಸೆ ಆಗತ್ತೆ, ಆದ್ರೆ ನಾನು ಅವನ್ನ ಮಾರೋದು ನಿಲ್ಲಿಸಿದೀನಿ. ಕಮ್ಮಿ ಅಂದ್ರೆ 16 ಎಂಬಿ ಫ್ಲಾಶ್ 128 ಎಂಬಿ ರ್‍ಯಾಮ್ ಇರೋದನ್ನೇ ತಗೊಳ್ಳಿ. 64 ಎಂಬಿ ಇದ್ದು 5 ಗಿಗಾಹರ್ಟ್ಸ್ ಕೂಡ ಇರೋದು ಜನ ಜಾಸ್ತಿ ಸೇರಿದ್ರೆ ಮೆಮೊರಿ ಸಾಲದೆ ಬೀಳತ್ತೆ, ಅಡಾಪ್ಟರ್ ಕಾಯಿಲೆ ಥರವೇ ಕಾಣತ್ತೆ, ಬಲ್ಬ್ ಟೆಸ್ಟ್ ಪಾಸ್ ಆದ್ರೂ ಬೀಳ್ತಿದ್ರೆ ಇದನ್ನ ಅನುಮಾನಿಸಿ.

ಪೂರ್ತಿ ಮಲಗಿದ್ರೆ ಎಬ್ಬಿಸೋದು

ಆನ್ ಮಾಡಿದಾಗ ಲೈಟ್ ಮಿನುಗೋ ಹೊತ್ತಿಗೆ ರಿಸೆಟ್ ಬಟನ್ ಒತ್ತಿದ್ರೆ ಇನ್ನೂ ಜೋರಾಗಿ ಮಿನುಗತ್ತೆ, ಅದು ಫೇಲ್‌ಸೇಫ್, ಉಳಿಸಿರೋ ಸೆಟ್ಟಿಂಗ್ ಬಿಟ್ಟು ಏಳೋ ಮೋಡ್. ಲ್ಯಾಪ್‌ಟಾಪ್‌ಗೆ 192.168.1.2 ಅಂತ ಕೈಯಾರೆ ಕೊಟ್ಟು 192.168.1.1ಗೆ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಹೊಡೆಯೋ ಕನೆಕ್ಷನ್) ಮಾಡಿ ಫಸ್ಟ್‌ಬೂಟ್ ಕಮಾಂಡ್ ಹೊಡೆದು ರೀಬೂಟ್ ಮಾಡಿದ್ರೆ ಸೆಟ್ಟಿಂಗ್‌ನಿಂದ ಕೆಟ್ಟಿದ್ದೆಲ್ಲಾ ಸರಿ ಆಗತ್ತೆ. ನೀವು ಲ್ಯಾನ್ ಅಡ್ರೆಸ್ ಬದಲಾಯಿಸಿದ್ರೂ ಫೇಲ್‌ಸೇಫ್‌ನಲ್ಲಿ ಇದೇ ಅಡ್ರೆಸ್, ಮರೀಬೇಡಿ.

ಫರ್ಮ್‌ವೇರೇ ಹಾಳಾಗಿದ್ರೆ ಟಿಎಫ್‌ಟಿಪಿ, ಅಂದ್ರೆ ಲ್ಯಾಪ್‌ಟಾಪ್‌ನಲ್ಲಿ ಟಿಎಫ್‌ಟಿಪಿ ಸರ್ವರ್ ಓಡಿಸಿ ಕೇಬಲ್ ಮೂಲಕ ಫರ್ಮ್‌ವೇರ್ ಫೈಲ್ ಕೊಡೋದು. ಟಿಪಿ-ಲಿಂಕ್‌ನ ಹಲವು ಮಾಡೆಲ್‌ಗಳು ರಿಸೆಟ್ ಒತ್ತಿ ಹಿಡಿದು ಆನ್ ಮಾಡಿದ್ರೆ 192.168.0.66 ಅನ್ನೋ ಅಡ್ರೆಸ್‌ನಲ್ಲಿ ಫೈಲ್ ಹುಡುಕತ್ತೆ, ಲ್ಯಾಪ್‌ಟಾಪ್‌ಗೆ ಆ ಅಡ್ರೆಸ್ ಕೊಡಬೇಕು, ಫೈಲ್ ಹೆಸರು ಆ ಮಾಡೆಲ್ ಆ ವರ್ಷನ್‌ಗೆ ಓಪನ್‌ಡಬ್ಲ್ಯುಆರ್‌ಟಿ ಸೈಟ್‌ನಲ್ಲಿ ಕೊಟ್ಟಿರೋ ಹಾಗೆ ಅಕ್ಷರ ಅಕ್ಷರ ಅದೇ ಇರಬೇಕು. ವಿಂಡೋಸ್ ಫೈರ್‌ವಾಲ್ ಆಫ್ ಮಾಡಿ. ಆಗಲೂ ಆಗದಿದ್ರೆ ಮಧ್ಯದಲ್ಲಿ ಒಂದು ಸಣ್ಣ ನೆಟ್‌ವರ್ಕ್ ಸ್ವಿಚ್ ಹಾಕಿ, ಲ್ಯಾಪ್‌ಟಾಪ್ ಪೋರ್ಟ್ ಏಳೋದು ನಿಧಾನ, ರೂಟರ್ ಕೇಳೋದು ಕೆಲವೇ ಸೆಕೆಂಡ್, ಸ್ವಿಚ್ ಇದ್ರೆ ಲ್ಯಾಪ್‌ಟಾಪ್ ಕಡೆ ಲಿಂಕ್ ಮೊದ್ಲೇ ಎದ್ದಿರತ್ತೆ. ಮೂರು ದಿನ ಒದ್ದಾಡಿದ ಮೇಲೆ ಒಂದು ಪೀಸ್ ಈ ಸ್ವಿಚ್‌ನಿಂದಾಗಿ ಎದ್ದಾಗ ಆದ ಖುಷಿ ಇನ್ನೂ ನೆನಪಿದೆ.

ಇಷ್ಟೆಲ್ಲಾ ಆದ ಮೇಲೆ ಮಾತ್ರ ಬಿಚ್ಚಿ. ಜುಲೈ ಕೇಸಲ್ಲಿ ಒಳಗೆ ಸಿಗೋದು ತೇವ, ಇರುವೆ ಗೂಡು, ಹಲ್ಲಿ ಮೊಟ್ಟೆ, ಪೋರ್ಟ್ ಪಿನ್ ಮೇಲೆ ಹಸಿರು ಬಣ್ಣದ ಕಿಲುಬು. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ತಿಕ್ಕಿ, ಒಂದು ದಿನ ಒಣಗಿಸಿ ಆನ್ ಮಾಡಿದ್ರೆ ಎಷ್ಟೋ ಎದ್ದು ಕೂರತ್ತೆ. ಬೆಚ್ಚಗಿರ್ಲಿ ಅಂತ ಒಬ್ರು ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ರು, ತೇವ ಏನೋ ಇರಲಿಲ್ಲ, ಆದ್ರೆ ಹೊಗೆಯ ಜಿಡ್ಡು ಬೋರ್ಡ್ ತುಂಬಾ ಮೆತ್ತಿ ಬಿಸಿ ಹೊರಗೆ ಹೋಗ್ತಿರಲಿಲ್ಲ. ಮಳೆ ಬೀಳೋ ಕಡೆಯ ಗೋಡೆಗೆ ತಗುಲಿಸಬೇಡಿ, ಒಳಗೋಡೆಗೆ ಎದೆ ಎತ್ತರಕ್ಕೆ ಇಡಿ, ಅಷ್ಟು ಸಾಕು.

ಐನ್‌ಮನೆ (ಕೊಡವರ ಹಳೇ ಕುಟುಂಬದ ಮನೆ) ಥರದ ದಪ್ಪ ಮಣ್ಣಿನ ಗೋಡೆ ಮನೆಯವರು ರೇಂಜ್ ಇಲ್ಲ ಅಂತ ವಾಪಸ್ ತರ್ತಾರೆ. ಅದು ದೋಷ ಅಲ್ಲ. ಪವರ್ ಜಾಸ್ತಿ ಮಾಡಿ ಅಂತಾರೆ, ದೇಶದ ಕೋಡ್ ಬದಲಾಯಿಸಿ ಪವರ್ ಏರಿಸೋ ಕೆಲಸ ನಾನು ಮಾಡಲ್ಲ, ಕಾನೂನಿಗೂ ಸರಿಯಲ್ಲ, ರೂಟರ್ ಕೂಗಿದ್ದು ಫೋನ್‌ಗೆ ಕೇಳಿದ್ರೂ ಫೋನ್ ವಾಪಸ್ ಕೂಗೋದು ರೂಟರ್‌ಗೆ ಕೇಳಬೇಕಲ್ಲ. ಒಂದು ಕೇಬಲ್ ಎಳೆದು ಇನ್ನೊಂದು ಹಳೇ ರೂಟರನ್ನ ಬೇರೆ ಲ್ಯಾನ್ ಅಡ್ರೆಸ್ ಕೊಟ್ಟು, ಡಿಎಚ್‌ಸಿಪಿ (ಅಡ್ರೆಸ್ ಹಂಚೋ ಕೆಲಸ) ಆಫ್ ಮಾಡಿ, ಲ್ಯಾನ್‌ನಿಂದ ಲ್ಯಾನ್‌ಗೆ ಸಿಗಿಸಿ, ಅದೇ ಹೆಸರು ಅದೇ ಪಾಸ್‌ವರ್ಡ್ ಕೊಟ್ರೆ ಮನೆ ಪೂರ್ತಿ ಸಿಗತ್ತೆ. 2.4ರಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಇಲ್ಲ 11 ಇಡಿ.

ಕೊಳ್ಳೋವಾಗ, ಮಾರೋವಾಗ

ಯಾರೋ ಮೊದ್ಲೇ ಕಸ್ಟಮ್ ಫರ್ಮ್‌ವೇರ್ ಹಾಕಿರೋ ರೂಟರ್ ಬಂದ್ರೆ ಅದನ್ನ ಹಂಗೇ ಮುಂದೆ ಮಾರಬೇಡಿ. ಡ್ರಾಪ್‌ಬೇರ್ (ಎಸ್‌ಎಸ್‌ಎಚ್ ಸರ್ವರ್) ಫೋಲ್ಡರ್‌ನಲ್ಲಿ ಆಥರೈಸ್ಡ್ ಕೀಸ್ ಅನ್ನೋ ಫೈಲ್ ನೋಡಿ, ಹಳೇ ಯಜಮಾನನ ಕೀ ಅಲ್ಲಿ ಕೂತಿದ್ರೆ ಪಾಸ್‌ವರ್ಡ್ ಎಷ್ಟು ಬದಲಾಯಿಸಿದ್ರೂ ಅವನಿಗೆ ಬಾಗಿಲು ತೆರೆದೇ ಇರತ್ತೆ. ತಾನೇ ಓಡೋ ಕಮಾಂಡ್ ಇಡೋ ಕ್ರಾನ್‌ಟ್ಯಾಬ್‌ನಲ್ಲೂ ಆರ್‌ಸಿ ಲೋಕಲ್‌ನಲ್ಲೂ ಏನಾದ್ರೂ ಬಿಟ್ಟಿರಬಹುದು. ಹುಡುಕ್ತಾ ಕೂರೋ ಬದಲು ಅಧಿಕೃತ ಸೈಟಿಂದ ಇಮೇಜ್ ತಂದು, ಚೆಕ್‌ಸಮ್ (ಫೈಲ್ ಸರಿಯಾಗಿ ಬಂದಿದೆ ಅಂತ ತೋರಿಸೋ ನಂಬರ್) ನೋಡಿ, ಸೆಟ್ಟಿಂಗ್ ಉಳಿಸಬೇಡ ಅನ್ನೋ ಆಪ್ಷನ್ ಹಾಕಿ ಹೊಸದಾಗಿ ಫ್ಲಾಶ್ ಮಾಡಿ. ಕೊಟ್ಟವರ ಪಿಪಿಪಿಒಇ ಪಾಸ್‌ವರ್ಡ್, ವೈಫೈ ಪಾಸ್‌ವರ್ಡ್ ಕೂಡ ಅದರಲ್ಲಿ ಅಳಿಸಿ ಹೋಗತ್ತೆ, ಅವರ ನಂಬಿಕೆ ಉಳಿಸೋದೂ ನಮ್ಮ ಕೆಲಸವೇ.

ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಜಿಪಿಎಲ್ ಕೋಡ್ ಇದೆ, ದುಡ್ಡಿಗೆ ಮಾರೋವಾಗ ಸೋರ್ಸ್ ಕೋಡ್ ಜತೆಗೇ ಕೊಡಬೇಕು ಇಲ್ಲ ಕೇಳಿದವರಿಗೆ ಕೊಡ್ತೀನಿ ಅಂತ ಬರೆದುಕೊಡಬೇಕು. ನಾನು ಬಾಕ್ಸ್‌ನಲ್ಲಿ ಒಂದು ಚೀಟಿ ಇಡ್ತೀನಿ, ಮಾಡೆಲ್, ವರ್ಷನ್, ಹಾಕಿರೋ ಫರ್ಮ್‌ವೇರ್ ನಂಬರ್, ಲ್ಯಾನ್ ಅಡ್ರೆಸ್, ಸೋರ್ಸ್ ಬೇಕಾದ್ರೆ ಮೂರು ವರ್ಷದೊಳಗೆ ಕೇಳಿ ಅನ್ನೋ ಒಂದು ಸಾಲು, ಕೆಳಗೆ ಬಲ್ಬ್ ಟೆಸ್ಟ್‌ನಲ್ಲಿ ಬಂದ ವೋಲ್ಟೇಜ್. ಇಲ್ಲಿವರೆಗೂ ಯಾರೂ ಸೋರ್ಸ್ ಕೇಳಿಲ್ಲ, ಆದ್ರೂ ಒಂದು ಪೆನ್‌ಡ್ರೈವ್‌ನಲ್ಲಿ ರೆಡಿ ಇದೆ.

ತಿಂಗಳೊಳಗೆ ವಾಪಸ್ ತಂದು ಬೋರ್ಡೇ ಕೆಟ್ಟಿದೆ ಅಂತ ಆದ್ರೆ ಪೂರ್ತಿ ದುಡ್ಡು ಕೊಡ್ತೀನಿ, ಅಡಾಪ್ಟರ್ ಆದ್ರೆ ಬೇರೆ ಅಡಾಪ್ಟರ್ ಫ್ರೀ, ಸಿಡಿಲು ಆದ್ರೆ ಕೈಲಾದಷ್ಟು ರಿಪೇರಿ ಮಾಡಿಕೊಡ್ತೀನಿ, ದುಡ್ಡು ವಾಪಸ್ ಇಲ್ಲ. ಚೀಟಿ ಕಳೆದಿದ್ರೂ ಪರವಾಗಿಲ್ಲ, ನಂಬರ್ ಬರೆದಿರೋ ಅಡಾಪ್ಟರ್ ಮಾತ್ರ ಜತೇಲಿ ತರಬೇಕು.